ಬಿದ್ದ ಕೂಡಲೇ ಮತ್ತೆ ಕುದುರೆ ಏರಬೇಕೆ?

ಕುದುರೆ ಎಂದೊಡನೆ ನಮ್ಮ ಕಡೆಯ ಜನರಿಗೆ ನೆನಪಾಗುವುದು ಮೈಸೂರು ದಸರಾ ಮೆರವಣಿಗೆಯ ಅಶ್ವದಳ, ಇಲ್ಲವೇ ರೇಸು. ಬಣ್ಣದ ಅಡ್ಡಗಂಬಗಳ ಮೇಲೆ ಕುದುರೆ ಹಾರಿಸುವ ‘ಶೋ ಜಂಪಿಂಗ್’ ಎಂಬ ಆಟ ಅಷ್ಟು ಪರಿಚಿತವಲ್ಲ. ಕೊಣನೂರಿನಲ್ಲಿ ಅದಕ್ಕೆ ಮೈದಾನವೂ ಇಲ್ಲ. ಆದರೆ ಬೆಂಗಳೂರಿನ ಫೌಆದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಪದಕ ಗೆದ್ದು, 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೇ ಸ್ಥಾನ ಪಡೆದ ಮೇಲೆ ಮಕ್ಕಳ ಆಸಕ್ತಿ ಹೆಚ್ಚಿರುವುದು ಸಹಜ. ರಜೆಯಲ್ಲಿ ಬೆಂಗಳೂರು, ಮೈಸೂರಿನ ನೆಂಟರ ಮನೆಗೆ ಹೋದ ಮಕ್ಕಳು ಸವಾರಿ ಕಲಿಯುವುದುಂಟು. ಎನ್‌ಸಿಸಿಯ ಅಶ್ವದಳದಲ್ಲಿಯೂ ಕಲಿಯುವವರಿದ್ದಾರೆ. ಸ್ವಲ್ಪ ಕೈ ಕುದುರಿದರೆ ಹವ್ಯಾಸಿಗಳ ಸ್ಪರ್ಧೆಗೆ ಹೆಸರು ಕೊಡುವ ಉತ್ಸಾಹವೂ ಬರುತ್ತದೆ.

ಇದಕ್ಕೆ ತಂದೆ ತಾಯಿ ಅಡ್ಡಿಪಡಿಸಬೇಕೆಂದು ನಾನು ಹೇಳುವುದಿಲ್ಲ. ಸವಾರಿಯಿಂದ ಬೆನ್ನು, ಹೊಟ್ಟೆ, ತೊಡೆಯ ಸ್ನಾಯುಗಳು ಬಲಗೊಳ್ಳುತ್ತವೆ, ದೇಹದ ಸಮತೋಲನ ಸುಧಾರಿಸುತ್ತದೆ, ಮೂಕಪ್ರಾಣಿಯೊಡನೆ ತಾಳ್ಮೆಯಿಂದ ವರ್ತಿಸುವ ಅಭ್ಯಾಸ ಬರುತ್ತದೆ. ನನ್ನ ತಕರಾರು ಈ ಆಟದಲ್ಲಿ ಬೇರೂರಿರುವ ಒಂದೇ ಒಂದು ನಂಬಿಕೆಯ ಬಗ್ಗೆ: ‘ಬಿದ್ದವರು ಕೂಡಲೇ ಮತ್ತೆ ಕುದುರೆ ಏರಬೇಕು, ಇಲ್ಲದಿದ್ದರೆ ಭಯ ಹೋಗುವುದಿಲ್ಲ.’

ಮಿದುಳಿಗೆ ಆಗುವುದೇನು?

ಸುಮಾರು 500 ಕಿಲೋ ತೂಕದ ಪ್ರಾಣಿಯ ಮೇಲೆ ಕುಳಿತವರ ತಲೆ ನೆಲದಿಂದ ಎಂಟು ಅಡಿ ಎತ್ತರದಲ್ಲಿರುತ್ತದೆ. ಕುದುರೆ ನಿಮಿಷಕ್ಕೆ 350 ಮೀಟರ್ ಓಡಿದರೆ ಅದು ಗಂಟೆಗೆ 21 ಕಿಲೋಮೀಟರ್ ವೇಗ. ಅಡ್ಡಗಂಬದ ಮುಂದೆ ಕುದುರೆ ತಟ್ಟನೆ ನಿಂತರೆ ಸವಾರ ಅದೇ ವೇಗದಲ್ಲಿ ಮುಂದಕ್ಕೆ ಎಸೆಯಲ್ಪಡುತ್ತಾನೆ. ತಲೆಬುರುಡೆ ಒಡೆಯದಿದ್ದರೂ ಒಳಗಿನ ಮಿದುಳು ಅದುರುತ್ತದೆ. ಇದನ್ನೇ ವೈದ್ಯರು ‘ಕಂಕಷನ್’ ಎನ್ನುತ್ತಾರೆ. ಇದಾಗಲು ಎಚ್ಚರ ತಪ್ಪಲೇಬೇಕೆಂದಿಲ್ಲ. ಸಿ.ಟಿ. ಸ್ಕ್ಯಾನ್‌ನಲ್ಲಿ ಏನೂ ಕಾಣದೆಯೂ ಇರಬಹುದು. ತಲೆನೋವು, ತಲೆಸುತ್ತು, ವಾಕರಿಕೆ, ಮಂಕು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು ಇದರ ಲಕ್ಷಣಗಳು.

ಇಂಥ ಸ್ಥಿತಿಯಲ್ಲಿರುವ ಮಗುವನ್ನು ಮತ್ತೆ ಜೀನಿನ ಮೇಲೆ ಕೂರಿಸಿದರೆ ಅದರ ಸಮತೋಲನವೂ ತೀರ್ಮಾನಶಕ್ತಿಯೂ ಸರಿಯಾಗಿರುವುದಿಲ್ಲ. ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬಿದ್ದರೆ, ಅಪರೂಪವಾಗಿಯಾದರೂ, ಮಿದುಳು ಬಾತು ಪ್ರಾಣಕ್ಕೇ ಸಂಚಕಾರ ಬರಬಹುದು. ಹದಿಹರೆಯದವರಲ್ಲಿ ಈ ಅಪಾಯ ಹೆಚ್ಚು. ಭಯವನ್ನು ಮುಂದಿನ ತಿಂಗಳೂ ಹೋಗಲಾಡಿಸಬಹುದು. ಮಿದುಳಿಗಾದ ಹಾನಿಯನ್ನು ಹಾಗೆ ಸರಿಪಡಿಸಲಾಗದು.

ಶೋ ಜಂಪಿಂಗ್‌ನ ಅಂತರರಾಷ್ಟ್ರೀಯ ನಿಯಮವೇ ಈ ಮಾತಿಗೆ ಬೆಂಬಲವಾಗಿದೆ. ಗಂಬ ಬೀಳಿಸಿದರೆ 4 ದಂಡಾಂಕ ಮಾತ್ರ. ಸವಾರ ಬಿದ್ದರೆ ಆ ಸ್ಪರ್ಧೆಯಿಂದ ಹೊರಗೆ. ಆದರೆ ಬೆಳಿಗ್ಗೆ ಒಂದರಲ್ಲಿ ಬಿದ್ದವರು ಮಧ್ಯಾಹ್ನ ಇನ್ನೊಂದಕ್ಕೆ ಇಳಿಯುವ ಅವಕಾಶ ಸಣ್ಣ ಸ್ಪರ್ಧೆಗಳಲ್ಲಿ ಉಳಿದುಬಿಡಬಹುದು. ತಲೆಗೆ ಪೆಟ್ಟಾದವರು ಆ ದಿನ ಮತ್ತೆ ಏರಬಾರದು, ಆ ಮಾತನ್ನು ಹೇಳುವ ಅಧಿಕಾರ ಮೈದಾನದಲ್ಲಿರುವ ವೈದ್ಯರಿಗೆ ಇರಬೇಕು. ವೈದ್ಯರೇ ಇಲ್ಲದ ಸ್ಪರ್ಧೆಗೆ ಮಕ್ಕಳನ್ನು ಕಳಿಸಬೇಡಿ.

ಹೆಲ್ಮೆಟ್ ಇದ್ದರೆ ಸಾಕೆ?

ಸವಾರಿಗೆಂದೇ ಮಾಡಿದ ಹೆಲ್ಮೆಟ್ ಬೇಕೇ ಬೇಕು. ಗದ್ದದ ಪಟ್ಟಿ ಬಿಗಿದಿರಬೇಕು. ಒಮ್ಮೆ ಬಲವಾಗಿ ಬಡಿದ ಹೆಲ್ಮೆಟ್ಟನ್ನು ಬದಲಾಯಿಸಬೇಕು. ಪಾದ ರಿಕಾಪಿನಲ್ಲಿ ಸಿಕ್ಕಿಬೀಳದಂತೆ ಹಿಮ್ಮಡಿಯಿರುವ ಬೂಟು ಹಾಕಬೇಕು. ಆದರೆ ಹೆಲ್ಮೆಟ್ ಕತ್ತನ್ನು ಕಾಯುವುದಿಲ್ಲ. ‘ಸೂಪರ್‌ಮ್ಯಾನ್’ ಚಿತ್ರದ ನಟ ಕ್ರಿಸ್ಟಫರ್ ರೀವ್ ಹವ್ಯಾಸಿ ಸವಾರರಾಗಿದ್ದರು. 1995ರ ಮೇ ತಿಂಗಳಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಸ್ಪರ್ಧೆಯೊಂದರ ನಡುವೆ ಅವರ ಕುದುರೆ ಅಡ್ಡಗಟ್ಟೆಯ ಮುಂದೆ ನಿಂತುಬಿಟ್ಟಿತು. ತಲೆಕೆಳಗಾಗಿ ಬಿದ್ದ ಅವರ ಕತ್ತಿನ ಮೇಲ್ಭಾಗದ ಮೂಳೆಗಳು ಮುರಿದವು. ಹೆಲ್ಮೆಟ್ ಇತ್ತು. ಆದರೂ ಕತ್ತಿನಿಂದ ಕೆಳಗೆ ಸ್ವಾಧೀನ ತಪ್ಪಿ, 2004ರಲ್ಲಿ ತೀರಿಕೊಂಡರು.

ಆದ್ದರಿಂದ ಬಿದ್ದವರನ್ನು ಎಬ್ಬಿಸಿ ಕೂರಿಸುವುದು, ಮುಖಕ್ಕೆ ನೀರೆರಚುವುದು, ನೀರು ಕುಡಿಸುವುದು, ಆಟೋದೊಳಗೆ ಮಡಿಸಿ ಮಲಗಿಸುವುದು ಕೂಡದು. ಕತ್ತು ನೋವೆಂದರೆ ಅಥವಾ ಎಚ್ಚರವಿಲ್ಲದಿದ್ದರೆ ತಲೆಯನ್ನು ಅಲುಗದಂತೆ ಹಿಡಿದು, ಉಸಿರಾಟ ಗಮನಿಸುತ್ತ 108ಕ್ಕೆ ಫೋನ್ ಮಾಡಿ. ಮನೆಗೆ ಬಂದ ಮೇಲೂ ಎರಡು ದಿನ ಕಣ್ಣಿಟ್ಟಿರಬೇಕು. ಪದೇ ಪದೇ ವಾಂತಿ, ಹೆಚ್ಚುತ್ತಿರುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಕಿವಿ ಮೂಗಿನಿಂದ ನೀರು ಅಥವಾ ರಕ್ತ ಕಂಡರೆ ತಡಮಾಡದೆ ಹಾಸನದಂಥ ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಹೆಚ್ಚಿನ ಮಕ್ಕಳು ಒಂದು ತಿಂಗಳೊಳಗೆ ಚೇತರಿಸಿಕೊಳ್ಳುತ್ತಾರೆ. ಮೊದಲು ಶಾಲೆ, ಆಮೇಲೆ ನಡಿಗೆ, ಓಟ, ವೈದ್ಯರು ಒಪ್ಪಿದ ಮೇಲೆ ಸವಾರಿ.

ಇನ್ನೊಂದು ಮಾತು. ಕುದುರೆ ಲದ್ದಿಯಲ್ಲಿ, ಲಾಯದ ಮಣ್ಣಿನಲ್ಲಿ ಧನುರ್ವಾಯುವಿನ ಬೀಜಾಣುಗಳಿರುತ್ತವೆ. ಹತ್ತು ಮತ್ತು ಹದಿನಾರನೇ ವಯಸ್ಸಿನ ಟಿ.ಡಿ. ಚುಚ್ಚುಮದ್ದು ಆಗಿದೆಯೇ ನೋಡಿಕೊಳ್ಳಿ. ಕುದುರೆ ಕಚ್ಚಿದರೆ ಗಾಯವನ್ನು ಸೋಪು ನೀರಿನಿಂದ ಹದಿನೈದು ನಿಮಿಷ ತೊಳೆದು ವೈದ್ಯರನ್ನು ಕಾಣಿ. ಅರಿಶಿನ, ಸುಣ್ಣ ಮೆತ್ತಬೇಡಿ.

‘ನಮ್ಮ ಮಕ್ಕಳು ಕುದುರೆಯನ್ನೇ ಏರುವುದಿಲ್ಲ’ ಎನ್ನುವ ಓದುಗರೂ ಇದ್ದೀರಿ. ಕಬಡ್ಡಿಯಲ್ಲಿ ತಲೆ ತಲೆ ಬಡಿದುಕೊಂಡ ಹುಡುಗನಿಗೆ, ಸೈಕಲ್ಲಿನಿಂದ ಬಿದ್ದ ಹುಡುಗಿಗೆ ನಾವು ಹೇಳುವುದೂ ಅದನ್ನೇ ಅಲ್ಲವೆ? ‘ಏನೂ ಆಗಿಲ್ಲ, ಏಳು, ಆಡು.’ ಏನೂ ಆಗಿಲ್ಲವೆಂದು ತಿಳಿಯುವ ತನಕ ಕೂರಿಸಿಕೊಳ್ಳಿ. ಪದಕ ಮುಂದಿನ ವರ್ಷವೂ ಸಿಕ್ಕೀತು.