ಹುಲ್ಲಿನ ಬಯಲಿಗೆ ಸಸಿ ಬೇಡ

ಜುಲೈ ಬಂತೆಂದರೆ ನಮ್ಮ ಕಡೆ ಗುದ್ದಲಿ, ಸಸಿ, ಕ್ಯಾಮೆರಾ ಮೂರೂ ಒಟ್ಟಿಗೆ ಹೊರಬೀಳುತ್ತವೆ. ವನಮಹೋತ್ಸವದ ಮೇಲೆ ನನ್ನದೇನೂ ತಕರಾರಿಲ್ಲ. ರಸ್ತೆ ಬದಿಗೆ ಹೊಂಗೆ ಹಾಕಲಿ, ಶಾಲೆ ಆವರಣದಲ್ಲಿ ನೇರಳೆ ನೆಡಲಿ, ಹಾಳಾದ ಗುಂಡುತೋಪುಗಳನ್ನು ಮತ್ತೆ ಬೆಳೆಸಲಿ. ಆದರೆ ಹುಲ್ಲು ಬೆಳೆದ ಬಯಲನ್ನು ನೋಡಿ ‘ಅಯ್ಯೋ, ಖಾಲಿ ಬಿದ್ದಿದೆಯಲ್ಲ’ ಎಂದು ಗುಂಡಿ ತೋಡಲು ಹೊರಡುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ.

ನಾನು ಶಿಡ್ಲಘಟ್ಟದ ರೇಷ್ಮೆ ರೀಲರ್. ಬೆಳಗಾದರೆ ಗೂಡಿನ ಮಾರುಕಟ್ಟೆ, ಹರಾಜು, ಆಮೇಲೆ ದಿನವಿಡೀ ಬೇಯುವ ಗೂಡಿನ ವಾಸನೆ. (ಆ ವಾಸನೆ ನಮಗೆ ಗೊತ್ತೇ ಆಗುವುದಿಲ್ಲ, ಬಸ್ಸಿನಲ್ಲಿ ಪಕ್ಕ ಕೂತವರಿಗೆ ಗೊತ್ತಾಗುತ್ತದೆ.) ಬಿಡುವಾದಾಗ ಬೈನಾಕ್ಯುಲರ್ ಎತ್ತಿಕೊಂಡು ಗೌರಿಬಿದನೂರು ದಾಟಿ ಮೈದನಹಳ್ಳಿಗೆ ಹೋಗುತ್ತೇನೆ. ‘ನಂದಿ ಬೆಟ್ಟ, ಸ್ಕಂದಗಿರಿ, ಕೈವಾರದ ಬೆಟ್ಟ ಎಲ್ಲ ಬಿಟ್ಟು ಆ ಬೋಳು ಬಯಲಲ್ಲಿ ಏನಯ್ಯ ನೋಡ್ತೀಯ?’ ಎಂದು ಮಾರುಕಟ್ಟೆಯಲ್ಲಿ ನಗುತ್ತಾರೆ.

ಆ ಬೋಳು ಬಯಲಿಗೆ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಹೆಸರು. ಮಧುಗಿರಿ ತಾಲ್ಲೂಕು, ತುಮಕೂರು ಜಿಲ್ಲೆ. ಆಚೆಗೆ ಆಂಧ್ರ. ಒಟ್ಟು 798 ಎಕರೆ. ಮೀಸಲು ಎಂದು ಘೋಷಣೆಯಾದದ್ದು 2007ರಲ್ಲಿ. ರಾಜ್ಯದಲ್ಲಿ ರಾಣೆಬೆನ್ನೂರನ್ನು ಬಿಟ್ಟರೆ ಕೃಷ್ಣಮೃಗಗಳು ಹೆಚ್ಚಾಗಿರುವುದು ಇಲ್ಲೇ. ಕಾಡು ಎಂದರೆ ದಟ್ಟ ಮರ ಎಂದುಕೊಂಡು ಬಂದವರಿಗೆ ಮೊದಲ ನೋಟಕ್ಕೆ ನಿರಾಸೆಯಾಗುತ್ತದೆ. ಕೃಷ್ಣಮೃಗಕ್ಕೆ ಬೇಕಾದದ್ದೇ ಆ ಬೋಳುತನ. ಅದು ಪೊದೆಯಲ್ಲಿ ಅಡಗಿ ಬದುಕುವ ಪ್ರಾಣಿಯಲ್ಲ. ಶತ್ರುವನ್ನು ದೂರದಿಂದಲೇ ಕಂಡು, ಓಡಿಯೇ ಪಾರಾಗುತ್ತದೆ. ಕಣ್ಣಿಗೆ ಅಡ್ಡ ಬರುವ ಪ್ರತಿ ಮರವೂ ಅದಕ್ಕೆ ಅಪಾಯ.

ಅಲ್ಲಿ ನಡೆಯುವಾಗ ನೆಲ ನೋಡಿಕೊಂಡು ನಡೆಯಬೇಕು. ಒಂದೇ ಕಡೆ ಹಿಕ್ಕೆ ಗುಡ್ಡೆಯಾಗಿ ಬಿದ್ದಿದ್ದರೆ ಅದು ಯಾವುದೋ ಗಂಡಿನ ಸರಹದ್ದಿನ ಗುರುತು. ಬೆನ್ನು ಕಪ್ಪಗೆ, ಹೊಟ್ಟೆ ಬೆಳ್ಳಗೆ, ಕಣ್ಣಿನ ಸುತ್ತ ಬಿಳಿ ಉಂಗುರ, ತಿರುಚಿದ ಕೊಂಬು. ಪಕ್ಕದ ಗಂಡು ಗೆರೆ ದಾಟಿತೋ, ತಲೆ ಹಿಂದಕ್ಕೆಸೆದು, ಬಾಲ ಮಡಚಿ, ಠೀವಿಯಿಂದ ಎದುರು ಬರುತ್ತದೆ. ನಮ್ಮೂರ ಹೊಲದ ಬದುವಿನ ಜಗಳವೂ ಇಷ್ಟು ಶಿಸ್ತಾಗಿ ನಡೆಯುವುದಿಲ್ಲ. ಟಿಟ್ಟಿಭ ಹಕ್ಕಿಯಂತೂ ಗೂಡನ್ನೇ ಕಟ್ಟುವುದಿಲ್ಲ. ಬರಿ ನೆಲದ ಸಣ್ಣ ತಗ್ಗಿನಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆಯ ಬಣ್ಣ, ಮಚ್ಚೆ ಎಲ್ಲ ಸುತ್ತಲಿನ ಮಣ್ಣು ಕಲ್ಲಿನ ಹಾಗೆಯೇ. ಕಾಲಿಗೆ ಸಿಕ್ಕ ಮೇಲೇ ಮೊಟ್ಟೆಯೆಂದು ತಿಳಿಯುವುದು. ಗೌಜಲಕ್ಕಿ, ನೆಲಗುಬ್ಬಿಗಳೂ ನೆಲದ ಮೇಲೇ ಸಂಸಾರ ಮಾಡುವಂಥವು. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಹ್ಯಾರಿಯರ್ ಹದ್ದುಗಳು ಬರುತ್ತವೆ. ಹುಲ್ಲಿನ ತುದಿ ಸವರಿಕೊಂಡು ಹಾರಿ ಬೇಟೆಯಾಡುವ ಅವು ರಾತ್ರಿ ಮಲಗುವುದೂ ಹುಲ್ಲಿನಲ್ಲೇ.

ಮೀಸಲಿನಂಚಿನ ದಾರಿಯಲ್ಲಿ ಕುರಿ ಕಾಯುವ ಹಿರಿಯರೊಬ್ಬರು ಸಿಕ್ಕಿದ್ದರು. ‘ಸೋಮಿ, ಮರ ಎದ್ರೆ ಅದರಡೀಲಿ ಹುಲ್ಲು ಬರಲ್ಲ. ಹುಲ್ಲು ಇಲ್ದಿದ್ರೆ ಜಿಂಕೆ ಎಲ್ಲಿಗೋಗ್ತವೆ? ನಮ್ ಕಡ್ಲೆಕಾಯಿ ಹೊಲಕ್ಕೇ ತಾನೆ?’ ಎಂದರು. ನನ್ನ ವಾದವೆಲ್ಲ ಅವರ ಆ ಮಾತಿನಲ್ಲೇ ಮುಗಿಯಿತು.

ಹಿಂದೆ ಹಾಕಿದ ನೀಲಗಿರಿ ಈ ಮೀಸಲಿನಲ್ಲೂ ನಿಂತಿದೆ. ನೀಲಗಿರಿ ಏನು ಮಾಡುತ್ತದೆಂದು ಚಿಕ್ಕಬಳ್ಳಾಪುರ, ಕೋಲಾರದವರಿಗೆ ಬೇರೆ ಹೇಳಬೇಕಿಲ್ಲ. ಕೊಳವೆಬಾವಿ ಸಾವಿರ ಅಡಿ ದಾಟಿದ ಊರುಗಳು ನಮ್ಮವು. ಹೊಸದಾಗಿ ನೀಲಗಿರಿ ಬೆಳೆಸುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು. ಆದರೆ ಹುಲ್ಲಿನ ಲೆಕ್ಕದಲ್ಲಿ ಹೊಂಗೆ, ಹುಣಸೆಯೂ ಮರವೇ. ಅಮೆರಿಕದ ಪ್ರೇರಿ ಹುಲ್ಲು ಬಯಲುಗಳಲ್ಲಿ ಅವನ್ನು ನೋಡಿಕೊಳ್ಳುವವರೇ ಮರ ಕಡಿದು, ಗಾಳಿ ನೋಡಿ ಬೆಂಕಿ ಹಾಕಿ ಹುಲ್ಲು ಉಳಿಸುತ್ತಾರೆ. ಬೇಸಿಗೆಯಲ್ಲಿ ಎಲ್ಲೆಂದರಲ್ಲಿ ಬೆಂಕಿ ಹತ್ತಿಕೊಳ್ಳುವ ನಮ್ಮ ಕಡೆ ಅದು ಬೇಡ. ಜಾಲಿ, ಲಂಟಾನ ಎದ್ದಂತೆಲ್ಲ ಕಿತ್ತರೆ ಸಾಕು.

ಖಾಲಿ ಕಂಡ ಜಾಗವನ್ನೆಲ್ಲ ‘ಚೆಂದ’ ಮಾಡುವ ಇದೇ ಕಾಯಿಲೆ ಕೆರೆಗಳಿಗೂ ಹತ್ತುತ್ತಿದೆ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಎಚ್.ಎನ್. ವ್ಯಾಲಿ ಯೋಜನೆಯಿಂದ ಕಂದವಾರ ಕೆರೆಗೆ, ಕೆ.ಸಿ. ವ್ಯಾಲಿ ಯೋಜನೆಯಿಂದ ಚಿಂತಾಮಣಿ ಕಡೆಯ ಕೆಲವು ಕೆರೆಗಳಿಗೆ ಬಂತು. ಆ ನೀರನ್ನು ಮೂರನೇ ಹಂತದಲ್ಲೂ ಶುದ್ಧ ಮಾಡಿಯೇ ಬಿಡಬೇಕು ಎನ್ನುವ ಹೋರಾಟಗಾರರ ಬೇಡಿಕೆ ನ್ಯಾಯವಾದದ್ದು, ಅದು ಬೇರೆಯೇ ಲೇಖನ. ನೀರು ನಿಂತ ಕೂಡಲೇ ಸುತ್ತಲೂ ಕಲ್ಲು ಕಟ್ಟಿ, ವಾಕಿಂಗ್ ಪಾತ್ ಮಾಡಿ, ದೀಪ ಹಾಕಿ ಎನ್ನುವವರ ಬಗ್ಗೆ ನನ್ನ ಮಾತು. ಹಳಬರು ಕಲ್ಲು ಕಟ್ಟಿದ್ದು ಏರಿಗೆ ಮಾತ್ರ. ನೀರು ಬರುವ ಕಡೆಯ ಅಂಗಳವನ್ನು ತೆರೆದೇ ಬಿಟ್ಟಿದ್ದರು. ಗದ್ದೆಗೊರವ, ಮೆಟ್ಟುಗಾಲು ಹಕ್ಕಿಗಳು ಮೇಯುವುದು ಆ ಮೊಣಕಾಲುದ್ದದ ನೀರಲ್ಲಿ, ಕೆಸರಲ್ಲಿ. ಅಲ್ಲಿಗೂ ಕಲ್ಲು ಹೊದಿಸಿದರೆ ಅವಕ್ಕೆ ಕಾಲೂರಲು ಜಾಗವಿಲ್ಲ. ವಾಕಿಂಗ್ ಮಾಡಲು ಏರಿ ಸಾಲದೆ?

ಹಾಗೆಂದು ಜನ ಬರಬಾರದು ಎನ್ನುವವನು ನಾನಲ್ಲ. ಸ್ಕಂದಗಿರಿಗೆ ಆನ್‌ಲೈನ್ ಟಿಕೆಟ್, ಇಂತಿಷ್ಟೇ ಜನ ಎಂಬ ಕಟ್ಟುಪಾಡು ಬಂದರೂ ಚಾರಣ ನಿಂತಿಲ್ಲ. ಮೈದನಹಳ್ಳಿಯಲ್ಲೂ ಅಂಚಿನಲ್ಲೊಂದು ಕಾಲುದಾರಿ ಗುರುತು ಮಾಡಿ, ವೀಕ್ಷಣಾ ಗೋಪುರದವರೆಗೆ ಅದರಲ್ಲೇ ನಡೆಸಲಿ. ಜೊತೆಗೆ ಬರುವವರು ಅದೇ ಊರಿನ ಹುಡುಗರಾಗಿರಲಿ, ಸಂಬಳ ಅವರಿಗೆ ಸಿಗಲಿ. ಜಿಂಕೆ ಮೇಯ್ದ ಹೊಲದವರ ಮಕ್ಕಳಿಗೇ ಜಿಂಕೆಯಿಂದ ನಾಲ್ಕು ಕಾಸು ಬಂದರೆ ಬೈಗುಳ ಕಡಿಮೆಯಾದೀತು. ಇದಕ್ಕೆ ಹೊಸ ಕಾನೂನೇನೂ ಬೇಡ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 36-ಬಿ ಕಲಮಿನಂತೆ ಸಂರಕ್ಷಣಾ ಮೀಸಲಿಗೊಂದು ನಿರ್ವಹಣಾ ಸಮಿತಿ ಇರಬೇಕು, ಅದರಲ್ಲಿ ಸಂಬಂಧಪಟ್ಟ ಗ್ರಾಮ ಪಂಚಾಯಿತಿಯವರು, ಕೃಷಿ ಮತ್ತು ಪಶುಸಂಗೋಪನಾ ಇಲಾಖೆಯವರು ಕೂರಬೇಕು. ಎಲ್ಲಿ ಸಸಿ ನೆಡಬಾರದು ಎಂಬುದನ್ನು ಮುಂದಿನ ಮಳೆಗಾಲಕ್ಕೆ ಮೊದಲೇ ಅಲ್ಲಿ ತೀರ್ಮಾನಿಸಿ ಬರೆದಿಡಲಿ.

ನೀವು ಹೋಗುವುದಾದರೆ ಬೆಳಿಗ್ಗೆ ಬಿಸಿಲೇರುವ ಮೊದಲು ಹೋಗಿ. ಡ್ರೋನ್, ಸ್ಪೀಕರ್, ಸಾಕುನಾಯಿ ಮನೆಯಲ್ಲೇ ಇರಲಿ. ಹಿಂಡನ್ನು ಅಟ್ಟಿಸಿಕೊಂಡು ಹೋಗಿ ಫೋಟೊ ತೆಗೆಯಬೇಡಿ. ಕೂತಲ್ಲೇ ಕೂತರೆ ಅವೇ ಹತ್ತಿರ ಬರುತ್ತವೆ. ಸಸಿ ಮಾತ್ರ ದಯವಿಟ್ಟು ತರಬೇಡಿ.