ಕೀಬೋರ್ಡ್ ಯಾರ ಕೈಯಲ್ಲಿದೆ?

ರಂಜಾನ್ ಬಂತೆಂದರೆ ನಮ್ಮ ಮನೆಯಲ್ಲಿ ಅಬ್ಬಾ ಒಂದು ಹಳೆಯ ನೋಟ್‌ಬುಕ್ ಹಿಡಿದು ಕೂರುತ್ತಾರೆ. ಅಂಗಡಿಯ ಸರಕು, ಬ್ಯಾಂಕಿನಲ್ಲಿರುವ ಹಣ, ಅಮ್ಮಿಯ ಚಿನ್ನ, ತೀರಿಸಬೇಕಾದ ಸಾಲ, ಎಲ್ಲವನ್ನೂ ಬರೆದು, ಕೂಡಿಸಿ ಕಳೆದ ಮೇಲೆಯೇ ಝಕಾತ್ ಎಷ್ಟೆಂದು ಹೇಳುವುದು. ಅಂದಾಜಿನಲ್ಲಿ ಕೊಟ್ಟರೆ ಆಗುವುದಿಲ್ಲವೇ ಎಂದು ನಾನೊಮ್ಮೆ ಕೇಳಿದ್ದೆ. “ಅಂದಾಜು ಯಾವಾಗಲೂ ನಮ್ಮ ಕಡೆಗೇ ವಾಲುತ್ತದೆ, ಬೇಟಿ” ಎಂದಿದ್ದರು. ಟ್ರೇಸಿ ಚೌ ಎಂಬ ಅಮೆರಿಕದ ಸಾಫ್ಟ್‌ವೇರ್ ಎಂಜಿನಿಯರ್ ಬಗ್ಗೆ ಓದುವಾಗ ನನಗೆ ಆ ಮಾತು ಮತ್ತೆ ನೆನಪಾಯಿತು.

ಚೌ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದವರು. 2013ರಲ್ಲಿ ಅವರು ಪಿಂಟರೆಸ್ಟ್ ಕಂಪೆನಿಯಲ್ಲಿದ್ದರು. ತಂತ್ರಜ್ಞಾನ ಕ್ಷೇತ್ರದಲ್ಲಿ ಮಹಿಳೆಯರು ಕಡಿಮೆಯಾಗುತ್ತಿದ್ದಾರೆ ಎಂದು ಎಲ್ಲ ವೇದಿಕೆಗಳಲ್ಲೂ ಭಾಷಣ ನಡೆಯುತ್ತಿತ್ತು. ಆದರೆ ಯಾವ ಕಂಪೆನಿಯಲ್ಲಿ ಎಷ್ಟು ಮಂದಿ ಇದ್ದಾರೆ ಎಂಬ ಲೆಕ್ಕ ಹೊರಗೆ ಬರುತ್ತಿರಲಿಲ್ಲ. ಕೆಲವು ದೊಡ್ಡ ಕಂಪೆನಿಗಳಂತೂ ಕೇಳಿದರೂ ಕೊಡುತ್ತಿರಲಿಲ್ಲ. ಆಗ ಚೌ ಒಂದು ಲೇಖನ ಬರೆದು ಆ ಲೆಕ್ಕ ಎಲ್ಲಿದೆ ಎಂದು ಕೇಳಿದರು. ಕೇಳಿ ಸುಮ್ಮನಾಗದೆ ಮೊದಲು ತಮ್ಮ ಕಂಪೆನಿಯ ಲೆಕ್ಕವನ್ನೇ ಮುಂದಿಟ್ಟರು: 89 ಎಂಜಿನಿಯರ್‌ಗಳಲ್ಲಿ ಮಹಿಳೆಯರು 11. ಬೇರೆ ಕಂಪೆನಿಯವರೂ ತಮ್ಮ ಅಂಕಿಗಳನ್ನು ಸೇರಿಸಲು ಎಲ್ಲರಿಗೂ ಕಾಣುವ ಒಂದು ಪಟ್ಟಿ ತೆರೆದರು. ಹತ್ತಾರು ಸ್ಟಾರ್ಟಪ್‌ಗಳ ಅಂಕಿಗಳು ಬಂದವು. ಮರುವರ್ಷ ಗೂಗಲ್ ಕೂಡ ತನ್ನ ಲೆಕ್ಕ ಪ್ರಕಟಿಸಿತು. ಅಲ್ಲಿನ ತಾಂತ್ರಿಕ ಹುದ್ದೆಗಳಲ್ಲಿ ಮಹಿಳೆಯರು ಶೇ. 17, ಕಪ್ಪು ವರ್ಣೀಯರು ಶೇ. 1. ಇದೆಲ್ಲ ಒಂದೇ ಲೇಖನದಿಂದ ಆಯಿತು ಎಂದು ನಾನು ಹೇಳುವುದಿಲ್ಲ. ಆದರೆ ತನ್ನ ಮನೆಯ ಲೆಕ್ಕವನ್ನು ಮೊದಲು ತೋರಿಸಿದವರಿಗೆ ಇನ್ನೊಬ್ಬರನ್ನು ಕೇಳುವ ಹಕ್ಕು ತಾನಾಗಿ ಬರುತ್ತದೆ.

2016ರಲ್ಲಿ ಚೌ, ಎಲೆನ್ ಪಾವೊ ಮುಂತಾದವರ ಜೊತೆ ಸೇರಿ ‘ಪ್ರಾಜೆಕ್ಟ್ ಇನ್‌ಕ್ಲೂಡ್’ ಆರಂಭಿಸಿದರು. ಸ್ಟಾರ್ಟಪ್ ನಡೆಸುವವರಿಗೆ ಅದು ಹೇಳುವ ಮಾತು ಸರಳ: ಯಾರನ್ನೂ ಹೊರಗಿಡಬೇಡಿ, ಒಂದು ದಿನದ ಕಾರ್ಯಕ್ರಮ ಮಾಡಿ ಕೈತೊಳೆದುಕೊಳ್ಳಬೇಡಿ, ಫಲಿತಾಂಶವನ್ನು ಅಳೆಯಿರಿ. ಆಮೇಲೆ ಅವರು ‘ಬ್ಲಾಕ್ ಪಾರ್ಟಿ’ ಎಂಬ ತಮ್ಮದೇ ಸ್ಟಾರ್ಟಪ್ ಕಟ್ಟಿದರು. ಟ್ವಿಟರ್‌ನಲ್ಲಿ ಬೈಗುಳ, ಬೆದರಿಕೆಯ ಸಂದೇಶಗಳನ್ನು ಅದು ಕಣ್ಣಿಗೆ ಬೀಳದಂತೆ ಬೇರೆಡೆ ತೆಗೆದಿಡುತ್ತಿತ್ತು. ಅಂತಹ ಕಿರುಕುಳವನ್ನು ಚೌ ತಾವೇ ಅನುಭವಿಸಿದ್ದರು. ಒಳಗೆ ಕರೆದು ಕೂರಿಸಿದರೆ ಸಾಲದು, ಅವರು ಅಲ್ಲಿ ನೆಮ್ಮದಿಯಿಂದ ಇರಲು ಸಾಧ್ಯವಾಗಬೇಕು ಎಂಬುದು ಇದರಿಂದ ನಾನು ಕಲಿತ ಪಾಠ.

“ಪ್ರತಿಭೆ ಇದ್ದವರು ಹೇಗಾದರೂ ಮೇಲೆ ಬರುತ್ತಾರೆ, ಹೆಣ್ಣು ಗಂಡು, ಜಾತಿ ಧರ್ಮ ಎಂದು ಎಣಿಸುವುದೇ ತಪ್ಪು” ಎಂದು ಕೆಲವರು ವಾದಿಸುತ್ತಾರೆ. ನನ್ನ ಗೆಳತಿಯರಲ್ಲೂ ಹೀಗೆ ಹೇಳುವವರಿದ್ದಾರೆ. ಅವರಿಗೆ ನಾನು ಸಾಚಾರ್ ಸಮಿತಿಯನ್ನು ನೆನಪಿಸುತ್ತೇನೆ. 2006ರಲ್ಲಿ ಆ ವರದಿ ಬರುವ ಮೊದಲು ದೇಶದ ಮುಸ್ಲಿಮರ ಸ್ಥಿತಿಯ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಸಮಿತಿ ಎಣಿಸಿ ನೋಡಿತು. ಜನಸಂಖ್ಯೆಯಲ್ಲಿ ಶೇ. 13.4 ಇದ್ದವರು ಐಎಎಸ್ ಅಧಿಕಾರಿಗಳಲ್ಲಿ ಶೇ. 3 ಮಾತ್ರ ಇದ್ದರು. ಆ ಸಂಖ್ಯೆ ಯಾರಿಗೂ ಕೆಲಸ ಕೊಡಿಸಲಿಲ್ಲ, ನಿಜ. ಆದರೆ ಸಮಸ್ಯೆಯೇ ಇಲ್ಲ ಎನ್ನುವ ಬಾಯಿಗಳನ್ನು ಮುಚ್ಚಿಸಿತು. ಸಂಖ್ಯೆ ಔಷಧವಲ್ಲ. ಜ್ವರ ಎಷ್ಟಿದೆ ಎಂದು ತೋರಿಸುವ ಥರ್ಮಾಮೀಟರ್ ಅಷ್ಟೇ. ಪಿಂಟರೆಸ್ಟ್ ಕೂಡ 2016ರಲ್ಲಿ ಹೊಸದಾಗಿ ಸೇರಿಸಿಕೊಳ್ಳುವ ಎಂಜಿನಿಯರ್‌ಗಳಲ್ಲಿ ಶೇ. 30 ಮಹಿಳೆಯರಿರಬೇಕು ಎಂದು ಗುರಿ ಇಟ್ಟುಕೊಂಡು ಶೇ. 22ಕ್ಕೆ ನಿಂತಿತು. ಆದರೆ ಅದನ್ನು ಮುಚ್ಚಿಡಲಿಲ್ಲ. ಎಣಿಸದೇ ಇದ್ದಿದ್ದರೆ ಸೋತದ್ದೂ ಗೊತ್ತಾಗುತ್ತಿರಲಿಲ್ಲ.

ಹಾಗಾದರೆ ನಮ್ಮ ಮನೆಯ ಲೆಕ್ಕವೇನು? ನಮ್ಮ ಕಂಪ್ಯೂಟರ್ ಲ್ಯಾಬ್‌ನಲ್ಲಿ ಇಬ್ಬರಿಗೆ ಒಂದು ಕಂಪ್ಯೂಟರ್. ಒಬ್ಬರು ಟೈಪ್ ಮಾಡುತ್ತಾರೆ, ಇನ್ನೊಬ್ಬರು ಪಕ್ಕದಲ್ಲಿ ಕುಳಿತು ರೆಕಾರ್ಡ್ ಬರೆಯುತ್ತಾರೆ. ಕಳೆದ ವಾರದ ಪ್ರಾಕ್ಟಿಕಲ್‌ನಲ್ಲಿ ನಾನು ಎದ್ದು ನಿಂತು ಎಣಿಸಿದೆ. 12 ಕಂಪ್ಯೂಟರ್‌ಗಳಲ್ಲಿ 9ರ ಕೀಬೋರ್ಡ್ ಇದ್ದದ್ದು ಇಂಗ್ಲಿಷ್ ಮಾಧ್ಯಮದಿಂದ ಬಂದವರ ಕೈಯಲ್ಲಿ. ಕನ್ನಡ, ಉರ್ದು ಮಾಧ್ಯಮದ ಸರ್ಕಾರಿ ಶಾಲೆಗಳಿಂದ ಬಂದ ಹೆಚ್ಚಿನವರು ರೆಕಾರ್ಡ್ ಬರೆಯುತ್ತಿದ್ದರು. ಯಾರೂ ಅವರನ್ನು ತಡೆದಿರಲಿಲ್ಲ. ನಮ್ಮ ಮೇಡಂ ಎಲ್ಲರನ್ನೂ ಒಂದೇ ರೀತಿ ನೋಡುತ್ತಾರೆ. ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದವರ ಬೆರಳು ವೇಗವಾಗಿ ಓಡುತ್ತದೆ, ಬೇಗ ಮುಗಿಯಲಿ ಎಂದು ಕೀಬೋರ್ಡ್ ಅವರ ಕಡೆ ಸರಿಯುತ್ತದೆ, ಅಷ್ಟೇ.

ಆ 9 ಮಂದಿಯಲ್ಲಿ ನಾನೂ ಒಬ್ಬಳು. ಆ ದಿನ ಮರಳಿ ಬಂದು ಕುಳಿತವಳು ನನ್ನ ಜೊತೆಗಾತಿಗೆ ಕೀಬೋರ್ಡ್ ಕೊಟ್ಟೆ. “ಬೇಡ ಕಣೇ, ನಾನು ನಿಧಾನ, ನಿನಗೆ ತಡವಾಗುತ್ತೆ” ಎಂದಳು. ವರ್ಷವಿಡೀ ಪಕ್ಕದಲ್ಲಿ ಕುಳಿತವಳು ನನ್ನ ಸಮಯಕ್ಕೆ ಹೆದರುತ್ತಿದ್ದಾಳೆ ಎಂದು ನನಗೆ ಅಂದೇ ಗೊತ್ತಾದದ್ದು. ಅವಳು ಟೈಪ್ ಮಾಡಿದ ಪ್ರೋಗ್ರಾಂ ಮೂರು ಸಲ ತಪ್ಪು ತೋರಿಸಿತು. ನಾಲ್ಕನೇ ಸಲ ಓಡಿತು. ಅದರಲ್ಲಿ ಎರಡು ತಪ್ಪುಗಳನ್ನು ಹುಡುಕಿದ್ದು ಅವಳೇ. ಇಷ್ಟು ದಿನ ನನ್ನ ತಪ್ಪುಗಳನ್ನೂ ಅವಳು ನೋಡುತ್ತಿದ್ದಳೋ ಏನೋ, ನಾನು ಕೇಳಿರಲಿಲ್ಲ.

ನಮ್ಮಲ್ಲಿ ಕೆಲವರು ನಾಳೆ ಸ್ಟಾರ್ಟಪ್ ಕಟ್ಟುವ ಕನಸು ಕಾಣುತ್ತಿದ್ದೇವೆ. ಆಗ ಯಾರನ್ನು ಸೇರಿಸಿಕೊಳ್ಳುತ್ತೇವೆ ಎಂಬುದನ್ನು ನಾವು ಇಂದು ಈ ಲ್ಯಾಬ್‌ನಲ್ಲೇ ಕಲಿಯುತ್ತಿದ್ದೇವೆ. ಆದ್ದರಿಂದ ನನ್ನ ಕೋರಿಕೆ ಎರಡೇ. ಪ್ರಾಕ್ಟಿಕಲ್‌ನ ಅರ್ಧ ಸಮಯವಾದಾಗ ಇಬ್ಬರೂ ಜಾಗ ಬದಲಿಸಬೇಕು. ರೆಕಾರ್ಡ್‌ನಲ್ಲಿ ಆ ದಿನ ಯಾರು ಎಷ್ಟು ಹೊತ್ತು ಟೈಪ್ ಮಾಡಿದರು ಎಂದು ಒಂದು ಸಾಲು ಬರೆಯಬೇಕು. ಮುಂದಿನ ಸಂಚಿಕೆಯಲ್ಲಿ ನಾನು ಮತ್ತೆ ಎಣಿಸಿ ಇಲ್ಲೇ ಬರೆಯುತ್ತೇನೆ. ಲೆಕ್ಕ ಬದಲಾಗದಿದ್ದರೆ ಅದನ್ನೂ ಬರೆಯುತ್ತೇನೆ, ಇನ್ಶಾ ಅಲ್ಲಾಹ್.