ಬೇಲಿ ಗಿಡಕ್ಕೆ ಮೊದಲ ವರ್ಷವೇ ಮಚ್ಚು ಹಾಕಿ

ಮೊನ್ನೆ ಪಕ್ಕದ ಹೊಲದವರ ಆಡುಗಳು ನಮ್ಮ ತೊಗರಿಗೆ ನುಗ್ಗಿದ್ವು. ಬೈಯೋಕೆ ಅಂತಲೇ ಹೋದೆ. ಬೇಲಿ ಹತ್ರ ನಿಂತು ನೋಡಿದ್ರೆ ತಪ್ಪು ನಂದೇ. ಆರು ವರ್ಷದ ಹಿಂದೆ ಬದುವಿನುದ್ದಕ್ಕೂ ಮೂರಡಿಗೊಂದು ಗ್ಲಿರಿಸಿಡಿಯಾ ಗೂಟ ನೆಟ್ಟು ಸುಮ್ಮನಾಗಿದ್ದೆ. ಈಗ ಮೇಲೆ ಹನ್ನೆರಡಡಿ ಹಸಿರು, ಕೆಳಗೆ ಬರೀ ಕಾಂಡ. ಆಡಿಗೆ ಅದು ಬಾಗಿಲಿದ್ದಂಗೆ, ಮೇಯೋಕೆ ಸೊಪ್ಪು ಬೇರೆ.

ನನ್ನ ಅಭಿಪ್ರಾಯ ಹೇಳ್ತೀನಿ. ನಮ್ ಕಡೆ ಹಸಿರು ಬೇಲಿ ಕೆಡೋದು ಹೆಚ್ಚಾಗಿ ನಾವು ಕತ್ತರಿಸದೇ ಇರೋದ್ರಿಂದ. ಆಮೇಲೆ "ಗಿಡದ ಬೇಲಿ ಆಗಲ್ಲ ಬಿಡು" ಅಂತ ಸಾಲ ಮಾಡಿ ಕಲ್ಲುಕಂಬ, ಮುಳ್ಳುತಂತಿ ಹಾಕ್ತೀವಿ.

ತುದಿ ಬೆಳೀತಾ ಇದ್ರೆ ಪಕ್ಕದ ಮೊಗ್ಗು ಮಲಗಿರುತ್ತೆ. ತುದಿ ಕಡಿದ್ರೆ ಅದು ಎದ್ದು ಕವಲೊಡೆಯುತ್ತೆ. ಅದಕ್ಕೇ ಸಸಿ ಬೇರು ಹಿಡಿದು ಮೊಣಕಾಲುದ್ದ ಆದಾಗ ನೆಲದಿಂದ ಒಂದು ಗೇಣು ಬಿಟ್ಟು ಕತ್ತರಿಸಿ. ಮನಸ್ಸು ಬರಲ್ಲ, ಗೊತ್ತು. ಆದ್ರೂ ಕತ್ತರಿಸಿ. ಆಮೇಲೆ ಒಂದಡಿ ಚಿಗುರು ಬಂದಾಗೆಲ್ಲ ಅರ್ಧ ತೆಗೀರಿ. ಎರಡು ಮೂರು ವರ್ಷ ಹೀಗೇ ಮಾಡಬೇಕು. ಬೇಲಿ ಬುಡ ಅಗಲ, ತಲೆ ಕಿರಿದು ಇರಲಿ. ತಲೆ ಅಗಲ ಆದ್ರೆ ಬುಡಕ್ಕೆ ಬಿಸಿಲು ಬೀಳದೆ ಎಲೆ ಉದುರಿ ಕಿಂಡಿ ಬೀಳುತ್ತೆ.

ಗಿಡ ಯಾವುದು? ಹೊರಸಾಲಿಗೆ ಕವಳೆ. ಮುಳ್ಳಿದೆ, ಹಣ್ಣೂ ಕೊಡುತ್ತೆ. ಬೆಳೆಯೋದು ಮಾತ್ರ ನಿಧಾನ. ಬೀಜ ಇಟ್ಟಷ್ಟೂ ಹುಟ್ಟೋದು ಕಡಿಮೆ, ಹಣ್ಣಿಂದ ತೆಗೆದ ಕೂಡ್ಲೇ ಬಿತ್ತಬೇಕು. ಒಳಸಾಲಿಗೆ ಲಕ್ಕಿ. ಕಡ್ಡಿ ಊರಿದ್ರೆ ಬರುತ್ತೆ, ದನ ಆಡು ಅದಕ್ಕೆ ಬಾಯಿ ಹಾಕೋದು ಅಪರೂಪ. ಕಳ್ಳಿ ಗಟ್ಟಿ ನಿಜ, ಆದ್ರೆ ಅದರ ಹಾಲು ಕಣ್ಣಿಗೆ ಬಿದ್ರೆ ಅಪಾಯ. ಮಕ್ಕಳು ಓಡಾಡೋ ಕಡೆ ಬೇಡ. ಲಂಟಾನ ಬೇಡವೇ ಬೇಡ, ಹಕ್ಕಿಗಳು ಬೀಜ ಒಯ್ದು ಹೊಲವೆಲ್ಲ ಹಬ್ಬಿಸ್ತಾವೆ.

ಲೆಕ್ಕ ನೋಡಿ. ಚೌಕಾಕಾರದ ಒಂದು ಎಕರೆಗೆ ಸುತ್ತಳತೆ ಸುಮಾರು 835 ಅಡಿ. ಒಂದೂವರೆ ಅಡಿಗೊಂದರಂತೆ ಎರಡು ಸಾಲು, ಒಂದರ ಸಂದಿಗೆ ಇನ್ನೊಂದು ಬರೋ ಹಾಗೆ ನೆಟ್ಟರೆ 1,100 ಗಿಡ ಬೇಕು. ಒಂದೇ ವರ್ಷ ಎಲ್ಲಾ ಮಾಡೋಕೆ ಹೋಗಬೇಡಿ. ದನ ಆಡು ನುಗ್ಗೋ ಕಡೆಯಿಂದ ಶುರು ಮಾಡಿ. ಗಿಡ ಮೇಲೇಳೋ ತನಕ ಹೊರಗಡೆ ಜಾಲಿ ಮುಳ್ಳು ಒಟ್ಟಿ. ಸತ್ತ ಜಾಗಕ್ಕೆ ಮುಂದಿನ ಮಳೆಗೆ ಮತ್ತೆ ಸಸಿ ಹಾಕಿ. ಒಂದು ಕಿಂಡಿ ಉಳಿದ್ರೂ ಆಡಿಗೆ ಸಾಕು.

"ಬೇಲಿಯೇ ಹೊಲ ಮೇಯುತ್ತೆ" ಅನ್ನೋರಿದ್ದಾರೆ. ನೆರಳು, ಬೇರಿನ ಮಾತು ಸುಳ್ಳಲ್ಲ. ಗಡಿಯಿಂದ ಎರಡಡಿ ಒಳಗೆ ನೆಟ್ಟು ಎದೆಮಟ್ಟಕ್ಕೆ ಕತ್ತರಿಸ್ತಾ ಇದ್ರೆ ಪಕ್ಕದವರಿಗೂ ತಕರಾರಿರಲ್ಲ. ಬೆಳೆ ಕಡೆ ಸಣ್ಣ ಟ್ರೆಂಚ್ ತೆಗೆದ್ರೆ ಬೇರು ಅಷ್ಟಾಗಿ ಒಳಗೆ ಬರಲ್ಲ. ಕತ್ತರಿಸಿದ ಸೊಪ್ಪು ಗಿಡದ ಬುಡಕ್ಕೆ ಮುಚ್ಚಿಗೆ.

ಈ ಮುಂಗಾರಿಗೆ ನನ್ನ ಗ್ಲಿರಿಸಿಡಿಯಾನ ಮೊಣಕಾಲು ಮಟ್ಟಕ್ಕೆ ಕಡಿದು, ಸಂದಿಗೆ ಕವಳೆ, ಒಳಗಡೆ ಲಕ್ಕಿ ಹಾಕ್ತಿದ್ದೀನಿ. ಆಡಿನವರ ಹತ್ರ ಜಗಳ ಆಡಲಿಲ್ಲ. ಕಡಿಯೋ ದಿನ ಬಂದು ಸೊಪ್ಪು ತಗೊಂಡು ಹೋಗಿ ಅಂತ ಹೇಳಿ ಬಂದೆ.